ಒಂದೇ ಅಚ್ಚಿನ ಸೈನಿಕರಿಗೆ ಬೇರೆ ಬೇರೆ ಮುಖ: ಹಳೆಯ ಪ್ಲಾಸ್ಟಿಕ್ ಗೊಂಬೆಗಳಿಗೆ ಹೊಸ ರೂಪ ಕೊಡುವ ಬಗೆ



ನವರಾತ್ರಿ ಹತ್ತಿರ ಬಂತೆಂದರೆ ಗೊಂಬೆ ಕೂರಿಸುವ ನಮ್ಮ ಮನೆಗಳಲ್ಲಿ ಅಟ್ಟದ ಪೆಟ್ಟಿಗೆಗಳು ಕೆಳಗೆ ಇಳಿಯುತ್ತವೆ. ಕಳೆದ ವರ್ಷ ಹೊಸೂರಿನ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಹಾಗೆ ಇಳಿದ ಪೆಟ್ಟಿಗೆಗಳ ಜೊತೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯೂ ಬಂತು. ಮುಚ್ಚಳ ತೆಗೆದರೆ ಒಳಗೆ ಪ್ಲಾಸ್ಟಿಕ್ ಸೈನಿಕರು. ಬಂದೂಕು ಹಿಡಿದ ಹಸಿರು ಬಣ್ಣದ ಕಾಲಾಳುಗಳು, ಕೆಂಪು ಮತ್ತು ಹಳದಿ ಬಣ್ಣದ ಕೆಲವು ಕೌಬಾಯ್ ಕುದುರೆ ಸವಾರರು. ಮನೆಯ ಯಜಮಾನರು ಹುಡುಗರಾಗಿದ್ದಾಗ ಜಾತ್ರೆಯಲ್ಲಿ ಒಂದೊಂದಾಗಿ ಕೊಂಡು ಕೂಡಿಟ್ಟವು. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಮೊಮ್ಮಕ್ಕಳು ಡಬ್ಬಿಯನ್ನು ಒಂದು ಸಲ ಕೆದಕಿ, "ಎಲ್ಲಾ ಒಂದೇ ಥರ ಇವೆ" ಎಂದು ಬಿಟ್ಟು ಹೋದರು. ಮಗಳಿಗೆ ಎಸೆಯಲು ಮನಸ್ಸಿಲ್ಲ, ಗೊಂಬೆಯ ಮೆಟ್ಟಿಲಿನ ಮೇಲೆ ಇಡಲೂ ಆಗದು. ದಸರಾ ಮೆರವಣಿಗೆಯ ಆನೆ, ಪಲ್ಲಕ್ಕಿ, ವಾದ್ಯದವರ ನಡುವೆ ಉಕ್ಕಿನ ಟೋಪಿ ಹಾಕಿಕೊಂಡ ಹಸಿರು ಸೈನಿಕ ಹೇಗೆ ನಿಂತಾನು? "ಇವುಗಳಿಗೆ ಏನಾದರೂ ಮಾಡಲು ಬರುತ್ತದೆಯೆ?" ಎಂದು ಅವರು ಸಂಘದಲ್ಲಿ ಕೇಳಿದರು. ನಾವು ನಾಲ್ಕೈದು ಜನ ಸೇರಿ ಆ ಡಬ್ಬಿಯನ್ನು ಕೈಗೆತ್ತಿಕೊಂಡೆವು. ಅಲ್ಲಿ ಕಲಿತದ್ದನ್ನೂ ಕೆಡಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಊರುಗಳ ಸದಸ್ಯರ ಅಟ್ಟದ ಮೇಲೂ ಇಂಥ ಡಬ್ಬಿಗಳು ಇರಬಹುದು.

ಎಲ್ಲರೂ ಒಂದೇ ಥರ ಏಕೆ?

ಮೊದಲು ಮಕ್ಕಳ ದೂರನ್ನೇ ತೆಗೆದುಕೊಳ್ಳೋಣ. ಆಟದ ಸೈನಿಕರು ಮೊದಲು ಸೀಸದಲ್ಲಿ ಬರುತ್ತಿದ್ದರು. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ಯಲು ತೊಡಗಿತು. ಲೋಹ ಕಡಿಮೆ ಸಾಕು, ಬೆಲೆಯೂ ಕಡಿಮೆ. ಆ ಸೈನಿಕರ ಎತ್ತರ ಸುಮಾರು 54 ಮಿಲಿಮೀಟರ್. ಇಂದಿಗೂ ಜಾತ್ರೆಯ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸೈನಿಕ ಹೆಚ್ಚು ಕಡಿಮೆ ಅದೇ ಎತ್ತರ ಇರುವುದು ಆ ಹಳೆಯ ಅಳತೆಯಿಂದಲೇ. ಅಮೆರಿಕದಲ್ಲಿ 1938ರ ಹೊತ್ತಿಗೆ ಪ್ಲಾಸ್ಟಿಕ್ ಸೈನಿಕರು ಬಂದರು. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಅಗ್ಗವಾಯಿತು, ಸೀಸದ ವಿಷದ ಭಯವೂ ಸೇರಿತು. 1960ರ ದಶಕ ಮುಗಿಯುವಷ್ಟರಲ್ಲಿ ಸೀಸದ ಆಟಿಕೆಗಳ ಕಾಲ ಮುಗಿದಿತ್ತು.

ಪ್ಲಾಸ್ಟಿಕ್ ಸೈನಿಕನನ್ನು ಮಾಡುವುದು ಉಕ್ಕಿನ ಅಚ್ಚಿನಲ್ಲಿ. ಅಚ್ಚಿಗೆ ಎರಡು ಹೋಳು. ಎರಡನ್ನೂ ಒತ್ತಿ ಹಿಡಿದು ಕರಗಿದ ಪ್ಲಾಸ್ಟಿಕ್ಕನ್ನು ಒಳಗೆ ತಳ್ಳುತ್ತಾರೆ, ತಣಿದ ಮೇಲೆ ಹೋಳುಗಳು ಬೇರ್ಪಡುತ್ತವೆ, ಸೈನಿಕ ಹೊರಗೆ ಬೀಳುತ್ತಾನೆ. ಹೋಳುಗಳು ನೇರವಾಗಿ ಬೇರ್ಪಡಬೇಕಾದ್ದರಿಂದ ಗೊಂಬೆಯಲ್ಲಿ ಅಚ್ಚಿಗೆ ಸಿಕ್ಕಿಕೊಳ್ಳುವ ಸಂದು, ಕೊಕ್ಕೆ, ತಿರುವು ಯಾವುದೂ ಇರುವಂತಿಲ್ಲ. ಆದ್ದರಿಂದಲೇ ಬಂದೂಕು ಎದೆಗೆ ಅಂಟಿಕೊಂಡಿರುತ್ತದೆ, ತೋಳು ಪಕ್ಕೆಗೆ ಸೇರಿಹೋಗಿರುತ್ತದೆ, ಇಡೀ ಆಳು ಹಪ್ಪಳದಂತೆ ಚಪ್ಪಟೆ. ತಲೆಯಿಂದ ಕಾಲಿನವರೆಗೆ ಎರಡು ಪಕ್ಕದಲ್ಲಿ ಕಾಣುವ ಸಣ್ಣ ಏಣು ಅಚ್ಚಿನ ಹೋಳುಗಳು ಕೂಡಿದ ಗುರುತು.

ಇದು ತಿಳಿದರೆ ಮಾಡಬೇಕಾದ ಕೆಲಸದ ಅರ್ಧ ತಿಳಿದ ಹಾಗೆ. ಅಚ್ಚು ತನ್ನ ಅನುಕೂಲಕ್ಕೆ ಅಂಟಿಸಿದ್ದನ್ನು ನಾವು ಬಿಡಿಸಬೇಕು, ಚಪ್ಪಟೆ ಮಾಡಿದ್ದನ್ನು ತಿರುಗಿಸಬೇಕು.

ಈ ಹವ್ಯಾಸ ದೊಡ್ಡದಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. ಏರ್‌ಫಿಕ್ಸ್ ಕಂಪನಿ 1959ರಲ್ಲಿ ಒಂದು ಇಂಚಿಗಿಂತ ಚಿಕ್ಕದಾದ ಸೈನಿಕರ ಪೆಟ್ಟಿಗೆಗಳನ್ನು ಮಾರುಕಟ್ಟೆಗೆ ತಂದಿತು. ಪೆಟ್ಟಿಗೆ ಅಗ್ಗ, ಒಳಗೆ ಹತ್ತಾರು ಸೈನಿಕರು. ಆದರೆ ಕಂಪನಿ ಮಾರುತ್ತಿದ್ದ ಸೇನೆಗಳು ಕೆಲವೇ. ಮೇಜಿನ ಮೇಲೆ ಚರಿತ್ರೆಯ ಯುದ್ಧಗಳನ್ನು ಆಡುವವರಿಗೆ ಬೇಕಾದ ಸೇನೆಗಳು ನೂರಾರು. ಅಂಗಡಿಯಲ್ಲಿ ಇಲ್ಲದ್ದನ್ನು ಅವರು ಅಡುಗೆಮನೆಯ ಮೇಜಿನ ಮೇಲೆ ಮಾಡಿಕೊಂಡರು. ಅಮೆರಿಕದ ಅಂತರ್ಯುದ್ಧದ ಸೈನಿಕನ ಟೋಪಿ ಸ್ವಲ್ಪ ಕೆತ್ತಿ, ಅಂಗಿಗೆ ಬೇರೆ ಬಣ್ಣ ಬಳಿದು ಅವನನ್ನು ಫ್ರಾನ್ಸಿನ ಸೈನಿಕನಾಗಿಸಿದರು. ಒಬ್ಬನ ತಲೆ ಇನ್ನೊಬ್ಬನ ಮೈಗೆ ಹೋಯಿತು. ಕೊರತೆಯಿಂದ ಹುಟ್ಟಿದ ಕಲೆ ಇದು.

ನಮಗೂ ಇದು ತೀರಾ ಹೊಸತೇನಲ್ಲ. ರಕ್ತಚಂದನದ ಪಟ್ಟದ ಗೊಂಬೆಗೆ ಪ್ರತಿ ನವರಾತ್ರಿಗೂ ಹೊಸ ಬಟ್ಟೆ, ಹೊಸ ಮಣಿಸರ, ಹೊಸ ಪೇಟ ತೊಡಿಸುವುದನ್ನು ನಮ್ಮ ತಾಯಂದಿರು ಮಾಡಿಕೊಂಡೇ ಬಂದಿದ್ದಾರೆ. ಗೊಂಬೆ ಹಳೆಯದು, ಉಡುಪು ಮಾತ್ರ ಹೊಸದು.

ಬ್ಲೇಡು ಹಿಡಿಯುವ ಮೊದಲು

ಎಲ್ಲಾ ಗೊಂಬೆಗಳನ್ನೂ ಕತ್ತರಿಸಬಾರದು. ಹಳೆಯ ಸೀಸದ ಸೈನಿಕರಿದ್ದರೆ ಮುಟ್ಟಲೇಬೇಡಿ. ಅವು ತೂಕವಾಗಿರುತ್ತವೆ, ಗೀರಿದರೆ ಬೂದು ಲೋಹ ಹೊಳೆಯುತ್ತದೆ. ಸೀಸದ ಪುಡಿ ವಿಷ, ಮಕ್ಕಳಿಗಂತೂ ಬಹಳ ಕೆಟ್ಟದ್ದು. ಅವನ್ನು ಉಜ್ಜದೆ, ಕೊರೆಯದೆ, ಗಾಜಿನ ಕಪಾಟಿನಲ್ಲಿ ಇಡಿ. ಪ್ಲಾಸ್ಟಿಕ್ಕಿನದೇ ಆದರೂ ಕಾರ್ಖಾನೆಯ ಬಣ್ಣ ಮಾಸದೆ ಉಳಿದಿದ್ದರೆ, ಪಾದದ ಅಡಿ ತಯಾರಕರ ಹೆಸರು ಇದ್ದರೆ, ಮೂಲ ಪೆಟ್ಟಿಗೆಯೂ ಇದ್ದರೆ ಹಾಗೇ ಬಿಡಿ. ಸಂಗ್ರಾಹಕರಿಗೆ ಅದರ ಬೆಲೆ ಇರುವುದು ಅದು ಬದಲಾಗದೆ ಉಳಿದಿರುವುದರಲ್ಲಿ. ಜಾತ್ರೆಯ ಹಸಿರು ಸೈನಿಕನಿಗೆ ಈ ಭಯವಿಲ್ಲ.

ಎರಡನೆಯದು, ಪ್ಲಾಸ್ಟಿಕ್ ಯಾವುದು ಎಂದು ತಿಳಿಯುವುದು. ಪಾದದ ಹಲಗೆಯ ಮೂಲೆಯಿಂದ ಸಣ್ಣ ಚೂರು ಕತ್ತರಿಸಿ ನೀರಿನ ಲೋಟಕ್ಕೆ ಹಾಕಿ. ತೇಲಿದರೆ ಅದು ಪಾಲಿಥೀನ್ ಜಾತಿಯದು. ಮೃದು, ಬಾಗುತ್ತದೆ, ಮೇಣದ ಹಾಗೆ ನುಣುಪು. ಮುಳುಗಿದರೆ, ಬಾಗಿಸಿದಾಗ ಟಕ್ಕೆಂದು ಮುರಿದರೆ, ಅದು ಪಾಲಿಸ್ಟೈರೀನ್ ಇರಬಹುದು. ಮುಳುಗಿಯೂ ರಬ್ಬರಿನಂತೆ ಬಾಗಿದರೆ ಪಿವಿಸಿ ಜಾತಿಯದು. ಹೊಸೂರಿನ ಡಬ್ಬಿಯವು ಎಲ್ಲವೂ ತೇಲಿದವು. ಇದು ಏಕೆ ಮುಖ್ಯವೆಂದರೆ ಪಾಲಿಥೀನಿಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ನಾವು ಮೊದಲು ಮಾಡಿದ ತಪ್ಪು ಇದೇ. ಫೆವಿಕ್ವಿಕ್ ಹಾಕಿ ತಲೆ ಅಂಟಿಸಿ, ಎರಡು ನಿಮಿಷದಲ್ಲಿ ಗಟ್ಟಿಯಾಯಿತೆಂದು ಸಂತೋಷಪಟ್ಟೆವು. ಮರುದಿನ ಬೆಳಿಗ್ಗೆ ಮೂರು ತಲೆಗಳು ಮೇಜಿನ ಮೇಲೆ ಉರುಳಿಕೊಂಡಿದ್ದವು.

ಮೂರನೆಯದು, ಹಳೆಯ ಪ್ಲಾಸ್ಟಿಕ್ಕಿಗೆ ಜೀವ ಇದೆಯೇ ಎಂದು ನೋಡುವುದು. ಬಿಸಿಲಿನಲ್ಲಿ, ಶಾಖದಲ್ಲಿ ವರ್ಷಗಟ್ಟಲೆ ಇದ್ದ ಪಾಲಿಥೀನ್ ಹುರಿದ ಸಂಡಿಗೆಯಂತೆ ಪುಡಿಯಾಗುತ್ತದೆ. ಬಂದೂಕಿನ ತುದಿಯನ್ನು ಮೆಲ್ಲಗೆ ಬಾಗಿಸಿ. ಮರಳಿ ಬಂದರೆ ಕೆಲಸಕ್ಕೆ ಬರುತ್ತದೆ. ಮುರಿದರೆ ಆ ಗೊಂಬೆಗೆ ಬಣ್ಣ ಮಾತ್ರ ಬಳಿಯಿರಿ, ಕತ್ತರಿಸಬೇಡಿ.

ಬೇಕಾಗುವ ಸಾಮಾನು

ಹೆಚ್ಚಿನದೆಲ್ಲ ಮನೆಯಲ್ಲೇ ಇದೆ. ಹರಿತವಾದ ಕ್ರಾಫ್ಟ್ ಚಾಕು, ಕತ್ತರಿಸಲು ಹಲಗೆ, ಟೈಲರ್ ಬಳಸುವ ಗುಂಡುಸೂಜಿ, ಕಟಿಂಗ್ ಪ್ಲೇಯರ್, ಹೊಲಿಗೆಯ ದಾರ, ಟಿಶ್ಯೂ ಕಾಗದ, ಫೆವಿಕಾಲ್, ಎಂ-ಸೀಲ್, ಕಡ್ಡಿಪೊರಕೆಯ ನಾಲ್ಕು ಕಡ್ಡಿ, ಆಕ್ರಿಲಿಕ್ ಬಣ್ಣ, ಎರಡು ಸಣ್ಣ ಕುಂಚ, ಹಳೆಯ ಹಲ್ಲುಜ್ಜುವ ಬ್ರಷ್. ಸಣ್ಣ ರಂಧ್ರ ಕೊರೆಯುವ ಕೈಡ್ರಿಲ್ ಒಂದಿದ್ದರೆ ಒಳ್ಳೆಯದು. ಎಂ-ಸೀಲ್ ಕಲಸುವಾಗ ಕೈಗವಸು ಹಾಕಿಕೊಳ್ಳಿ. ಚಾಕುವಿನ ಕೆಲಸ ದೊಡ್ಡವರದು. ಮಕ್ಕಳಿಗೆ ಪೇಟ ಸುತ್ತುವುದು, ಬಣ್ಣ ಹಾಕುವುದು, ನೆಲ ಮಾಡುವುದು ಬೇಕಾದಷ್ಟಿದೆ.

ಮೊದಲಿಗೆ ಗೊಂಬೆಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸಿ. ಅಚ್ಚಿನಿಂದ ಬಂದ ಎಣ್ಣೆ, ವರ್ಷಗಳ ಧೂಳು ಹೋಗದಿದ್ದರೆ ಬಣ್ಣ ನಿಲ್ಲುವುದಿಲ್ಲ. ನಂತರ ಪಕ್ಕದ ಏಣನ್ನು ಚಾಕುವಿನಿಂದ ತೆಳ್ಳಗೆ ಹೆರೆಯಿರಿ. ಮರಳುಕಾಗದ ಬೇಡ. ಪಾಲಿಥೀನನ್ನು ಉಜ್ಜಿದರೆ ಸಣ್ಣ ಸಣ್ಣ ಎಳೆ ಎದ್ದು ಗೊಂಬೆಗೆ ಗಡ್ಡ ಬಂದಂತೆ ಕಾಣುತ್ತದೆ.

ಎರಡು ಸುಲಭದ ಬದಲಾವಣೆ

ಏನೂ ಸೇರಿಸದೆ ಗೊಂಬೆಯನ್ನು ಬದಲಾಯಿಸುವ ದಾರಿ ಎರಡಿವೆ. ಹೊಸಬರು ಇಲ್ಲಿಂದಲೇ ಶುರುಮಾಡಿ.

ಒಂದು, ಬಿಸಿನೀರು. ಕುದಿಸಿ ಇಳಿಸಿದ ನೀರಿನಲ್ಲಿ ಸೈನಿಕನನ್ನು ಇಕ್ಕಳದಿಂದ ಹಿಡಿದು ಒಂದು ನಿಮಿಷ ಮುಳುಗಿಸಿ. ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ತೋಳನ್ನೋ ಕಾಲನ್ನೋ ಬೇಕಾದಂತೆ ಬಾಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ಅದು ಸ್ವಲ್ಪ ಹಿಂದಕ್ಕೆ ಮರಳುತ್ತದೆ, ಆದ್ದರಿಂದ ಬೇಕಾದ್ದಕ್ಕಿಂತ ಒಂದು ಕೂದಲು ಹೆಚ್ಚೇ ಬಾಗಿಸಬೇಕು. ದೀಪದ ಉರಿ, ಲೈಟರ್ ಬಳಸಬೇಡಿ. ಕರಗುತ್ತದೆ, ಕೆಟ್ಟ ಹೊಗೆ ಬರುತ್ತದೆ.

ಇನ್ನೊಂದು, ತಲೆ ತಿರುಗಿಸುವುದು. ಕೊರಳಿನಲ್ಲಿ ನೇರವಾಗಿ ಕತ್ತರಿಸಿ. ಮೈಯ ಕಡೆ ಒಂದು ರಂಧ್ರ, ತಲೆಯ ಕಡೆ ಒಂದು ರಂಧ್ರ ಕೊರೆಯಿರಿ. ಗುಂಡುಸೂಜಿಯ ಸುಮಾರು 8 ಮಿಲಿಮೀಟರ್ ತುಂಡನ್ನು ಅರ್ಧ ಕೆಳಗೆ, ಅರ್ಧ ಮೇಲೆ ಹೋಗುವಂತೆ ಚುಚ್ಚಿ ಕೂಡಿಸಿ. ಸೂಜಿ ತುಂಡು ಮಾಡುವಾಗ ಬಟ್ಟೆ ಮುಚ್ಚಿ ಹಿಡಿಯಿರಿ, ಚೂರು ಕಣ್ಣಿಗೆ ಹಾರಬಹುದು. ಅಂಟು ಹಿಡಿಯದ ಪಾಲಿಥೀನನ್ನು ಹಿಡಿದು ನಿಲ್ಲಿಸುವುದು ಈ ಸೂಜಿಯೇ. ಈಗ ತಲೆಯನ್ನು ಎಡಕ್ಕೆ ಸ್ವಲ್ಪ ತಿರುಗಿಸಿ ನೋಡಿ. ಇಷ್ಟು ಹೊತ್ತು ಶೂನ್ಯವನ್ನು ನೋಡುತ್ತಿದ್ದ ಆಳು ಪಕ್ಕದವನನ್ನು ನೋಡುತ್ತಿದ್ದಾನೆ. ಮೂವರನ್ನು ಹೀಗೆ ಮಾಡಿ ಎದುರುಬದುರು ನಿಲ್ಲಿಸಿದರೆ ಅವರೇನೋ ಮಾತಾಡಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ. "ಒಂದೇ ಥರ" ಎಂದಿದ್ದ ಹುಡುಗ ಮರಳಿ ಬಂದು ಮೇಜಿನ ಬಳಿ ನಿಂತದ್ದು ಇದನ್ನು ನೋಡಿ.

ಕೌಬಾಯ್ ಹೋಗಿ ಮೈಸೂರು ಲ್ಯಾನ್ಸರ್

ಕುದುರೆ ಸವಾರರನ್ನು ಏನು ಮಾಡುವುದೆಂದು ಯೋಚಿಸಿದಾಗ ಮೆರವಣಿಗೆಗೂ ಒಪ್ಪುವ, ಚರಿತ್ರೆಯಲ್ಲೂ ನಿಲ್ಲುವ ಹೆಸರೊಂದು ಹೊಳೆಯಿತು. ಮೈಸೂರು ಲ್ಯಾನ್ಸರ್ಸ್, ಅಂದರೆ ಮೈಸೂರು ಸಂಸ್ಥಾನದ ಈಟಿ ಹಿಡಿದ ಕುದುರೆ ಪಡೆ.

ಮೊದಲ ಮಹಾಯುದ್ಧದಲ್ಲಿ ಈ ಪಡೆ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ಕಡೆ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್ಸ್ ಜೊತೆ ಸೇರಿ ತುರ್ಕರ ಕೈಯಲ್ಲಿದ್ದ ಹೈಫಾ ಬಂದರನ್ನು ಹಿಡಿಯಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಅದರ ಮೇಲೆ ಫಿರಂಗಿಗಳು. ಇನ್ನೊಂದು ಕಡೆ ಕಿಶೋನ್ ನದಿಯ ಕೆಸರು. ನಡುವೆ ಮೆಷಿನ್ ಗನ್ನುಗಳು. ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಉಳಿದವರು ಜೋಧಪುರದವರ ದಾಳಿಗೆ ಗುಂಡಿನ ಬೆಂಬಲ ಕೊಟ್ಟು, ಅವರ ಬೆನ್ನಿಗೇ ಕುದುರೆ ಏರಿ ಪಟ್ಟಣಕ್ಕೆ ನುಗ್ಗಿದರು. ಸಾವಿರದ ಮುನ್ನೂರಕ್ಕೂ ಹೆಚ್ಚು ಸೈನಿಕರು ಸೆರೆಯಾದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂರು ಕಂಚಿನ ಸೈನಿಕರು ಜೋಧಪುರ, ಹೈದರಾಬಾದ್, ಮೈಸೂರು ಲ್ಯಾನ್ಸರ್ಸ್‌ಗಳ ನೆನಪಿಗೆ ನಿಂತವರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ.

ನಮ್ಮ ಊರುಗಳಲ್ಲಿ ಹಲವು ಆಗ ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ. ಹೊಸೂರು ಸೇಲಂ ಜಿಲ್ಲೆಯಲ್ಲಿ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಎರಡೂ ಮದರಾಸು ಪ್ರಾಂತ್ಯದಲ್ಲಿದ್ದವು. ಸೊಲ್ಲಾಪುರ ಮುಂಬಯಿ ಪ್ರಾಂತ್ಯದಲ್ಲಿತ್ತು. ಅಕ್ಕಲಕೋಟೆಗೂ ಜತ್ತಕ್ಕೂ ತಮ್ಮ ತಮ್ಮ ಸಂಸ್ಥಾನಗಳಿದ್ದವು. ಆದರೂ ಕಡಲಾಚೆ ಆ ಬೆಟ್ಟ ಹತ್ತಿದ ಸವಾರರಲ್ಲಿ ನಮ್ಮ ಮಾತನ್ನೇ ಆಡುವವರಿದ್ದರು ಎಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಶಾಲೆಯಲ್ಲಿ ಅವರು ತಾವಿರುವ ರಾಜ್ಯದ ಚರಿತ್ರೆ ಓದುತ್ತಾರೆ. ಓದಲೇಬೇಕು. ಮನೆಯಲ್ಲಿ ಇದೂ ಒಂದಿಷ್ಟು ಇರಲಿ.

ಈಗ ಕೆಲಸ. ಹೈಫಾದ ಬೀದಿಯಲ್ಲಿ ಭಾರತೀಯ ಸವಾರರು ಈಟಿಗಳನ್ನು ನೆಟ್ಟಗೆ ಹಿಡಿದು ಸಾಲಾಗಿ ಸಾಗುವ ಹಳೆಯ ಫೋಟೊ ಒಂದಿದೆ. ಅದನ್ನು ಎದುರಿಗೆ ಇಟ್ಟುಕೊಂಡು ಕೂತೆವು.

ಪೇಟ: ಕೌಬಾಯ್ ಟೋಪಿಯ ಅಂಚನ್ನು ಸುತ್ತಲೂ ಕತ್ತರಿಸಿ, ಮೇಲ್ಭಾಗವನ್ನು ತಲೆಯ ಆಕಾರಕ್ಕೆ ದುಂಡಗೆ ಹೆರೆಯಿರಿ. ಟಿಶ್ಯೂ ಕಾಗದವನ್ನು 3 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಸ್ವಲ್ಪ ಹುರಿ ಮಾಡಿ ತಲೆಗೆ ಸುತ್ತಿ. ಹಣೆಯ ಮೇಲೆ ಒಂದರ ಮೇಲೊಂದು ಓರೆಯಾಗಿ ಹಾಯಬೇಕು. ನಾಲ್ಕು ಸುತ್ತು ಸಾಕು. ನಮ್ಮ ಮೊದಲ ಸವಾರನಿಗೆ ಒಂಬತ್ತು ಸುತ್ತು ಹಾಕಿ ಕುಂಬಳಕಾಯಿ ಹೊತ್ತವನಂತೆ ಮಾಡಿದ್ದೆವು.

ಕಾಲುಪಟ್ಟಿ: ಆ ಕಾಲದ ಸೈನಿಕರು ಪಾದದ ಮೇಲಿಂದ ಮೊಣಕಾಲಿನ ಕೆಳಗಿನವರೆಗೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದರು. ಕೌಬಾಯ್ ಬೂಟಿನ ಮೇಲಿನ ಅಂಚನ್ನು ಹೆರೆದು, ಫೆವಿಕಾಲ್ ಸವರಿ, ಹೊಲಿಗೆಯ ದಾರವನ್ನು ಒತ್ತೊತ್ತಾಗಿ ಸುತ್ತಿ. ಇಷ್ಟು ಸುಲಭ, ಇಷ್ಟು ನಿಜವಾಗಿ ಕಾಣುವ ಕೆಲಸ ಇಡೀ ಗೊಂಬೆಯಲ್ಲಿ ಇನ್ನೊಂದಿಲ್ಲ.

ಈಟಿ: ಆ ಈಟಿಗಳ ಉದ್ದ ಸುಮಾರು 9 ಅಡಿ, ಕೋಲು ಬಿದಿರಿನದು. ನಮ್ಮ ಗೊಂಬೆ ನಿಜವಾದ ಆಳಿನ 32ರಲ್ಲಿ ಒಂದು ಪಾಲು. ಹಾಗಾಗಿ ಈಟಿ ಎಂಟೂವರೆ ಸೆಂಟಿಮೀಟರ್ ಇರಬೇಕು, ದಪ್ಪ ಸುಮಾರು ಒಂದು ಮಿಲಿಮೀಟರ್. ತೆಂಗಿನ ಕಡ್ಡಿಯ ತುದಿಭಾಗ ಹೇಳಿ ಮಾಡಿಸಿದಂತಿದೆ. ಗುಂಡುಸೂಜಿಯ ಮೊನೆಯನ್ನು ಅದರ ತುದಿಗೆ ಕೂರಿಸಿ, ಚುಚ್ಚದಂತೆ ಮೊಂಡು ಮಾಡಿದರೆ ಅಲಗು ಆಯಿತು. ಸವಾರನ ಕೈಯ ಪಿಸ್ತೂಲನ್ನು ಕತ್ತರಿಸಿ, ಮುಷ್ಟಿಯಲ್ಲಿ ರಂಧ್ರ ಕೊರೆದು ಕಡ್ಡಿ ತೂರಿಸಿ. ಎತ್ತಿದ ತೋಳನ್ನು ಬಿಸಿನೀರಿನಲ್ಲಿ ಇಳಿಸಿಕೊಳ್ಳಿ. ನೆಟ್ಟಗೆ ಹಿಡಿದ ಈಟಿಯ ಬುಡ ಬಲಗಾಲಿನ ರಿಕಾಪಿನ ಪಕ್ಕದ ಸಣ್ಣ ಚರ್ಮದ ಗೂಡಿನಲ್ಲಿ ನಿಲ್ಲುತ್ತದೆ. ಎಂ-ಸೀಲ್‌ನ ಒಂದು ಕಾಳಿನಷ್ಟು ಉಂಡೆ ಸಾಕು.

ಜೀನು: ಕೌಬಾಯ್ ಜೀನಿನ ಮುಂದೆ ಹಗ್ಗ ಕಟ್ಟಲು ಒಂದು ಕೊಂಬು ಇರುತ್ತದೆ, ಅದನ್ನು ತೆಗೆಯಿರಿ. ಎಂ-ಸೀಲ್‌ನ ಎರಡು ಬಣ್ಣದ ಭಾಗಗಳನ್ನು ಸಮವಾಗಿ ತೆಗೆದು ಒಂದೇ ಬಣ್ಣ ಬರುವ ತನಕ ಕಲಸಿ, ಸಣ್ಣ ಸುರುಳಿ ಮಾಡಿ ಜೀನಿನ ಹಿಂದೆ ಕಟ್ಟಿದ ಕಂಬಳಿಯಂತೆ ಇಡಿ. ಒದ್ದೆ ಕಡ್ಡಿಯಿಂದ ಗೀರಿದರೆ ಮಡಿಕೆಗಳು ಮೂಡುತ್ತವೆ. ಎದೆಯ ಮೇಲೆ ಓರೆಯಾಗಿ ಗುಂಡಿನ ಪಟ್ಟಿ ಬೇಕು, ದಪ್ಪ ಕಾಗದದ ಪಟ್ಟಿ ಅಂಟಿಸಿದರೆ ಆಯಿತು. ಬೆನ್ನಿನ ಮೇಲೂ ಸುತ್ತಿ ಬರಲಿ, ಆಗ ಅಂಟು ಬಿಟ್ಟರೂ ಪಟ್ಟಿ ಬೀಳುವುದಿಲ್ಲ.

ಕುದುರೆ: ಈ ಕುದುರೆಗಳು ನಾಗಾಲೋಟದಲ್ಲಿವೆ. ಓಡುವ ಕುದುರೆಯ ಮೇಲೆ ನೆಟ್ಟಗಿನ ಈಟಿ ಹೊಂದುವುದಿಲ್ಲ, ಮುಂದಕ್ಕೆ ಬಾಗಿಸಿದ ಈಟಿ ಬೇಕು. ಮೆರವಣಿಗೆಗೆ ಬೇಕಾದ ನಡೆಯುವ ಕುದುರೆಗಾಗಿ ಮುಂಗಾಲುಗಳನ್ನು ಬಿಸಿನೀರಿನಲ್ಲಿ ಒಂದೊಂದಾಗಿ ಕೆಳಗಿಳಿಸಿ, ಹಾರುವ ಬಾಲವನ್ನು ತಗ್ಗಿಸಿದೆವು. ಬಾಲ ತಗ್ಗಿದ ಕೂಡಲೇ ಕುದುರೆ ನಡೆಯತೊಡಗುತ್ತದೆ. ಮಾಡಿ ನೋಡಿದರೆ ಗೊತ್ತಾಗುತ್ತದೆ.

ಇಲ್ಲಿ ಒಂದು ನಿಯಮ ಹಾಕಿಕೊಂಡೆವು. ಚಿತ್ರದಲ್ಲಿ ಕಾಣದ್ದನ್ನು ಸೇರಿಸುವುದಿಲ್ಲ. ಮಕ್ಕಳಿಗೆ ಬಂಗಾರದ ಕತ್ತಿ, ಎದೆ ತುಂಬ ಪದಕ, ಕುದುರೆಗೆ ಗೆಜ್ಜೆ ಎಲ್ಲವೂ ಬೇಕು. ಅಂಥ ಆಸೆಗೆ ರಾಜಮನೆತನದ ಗೊಂಬೆಗಳಿವೆ. ಸೈನಿಕ ಚೆನ್ನಾಗಿ ಕಾಣಬೇಕಾದ್ದು ಅವನು ಮಾಡುವ ಕೆಲಸದಿಂದ.

ಬಣ್ಣ, ಮತ್ತು "ಚರ್ಮ" ಎಂದು ಬರೆದ ಬಾಟಲಿ

ಮೃದು ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನೇರವಾಗಿ ಬಳಿದರೆ ಬಾಗಿದಲ್ಲಿ ಸಿಪ್ಪೆ ಏಳುತ್ತದೆ. ಮೊದಲು ಸ್ವಲ್ಪ ನೀರು ಬೆರೆಸಿದ ಫೆವಿಕಾಲ್ ಅನ್ನು ಇಡೀ ಗೊಂಬೆಗೆ ತೆಳ್ಳಗೆ ಸವರಿ ಒಂದು ರಾತ್ರಿ ಒಣಗಲು ಬಿಡಿ. ಅದು ಚರ್ಮದಂತೆ ಗೊಂಬೆಯನ್ನು ಸುತ್ತಿ ಹಿಡಿದುಕೊಳ್ಳುತ್ತದೆ, ಬಾಗಿದರೂ ಬಿರಿಯುವುದಿಲ್ಲ. ಅದರ ಮೇಲೆ ಆಕ್ರಿಲಿಕ್ ಬಣ್ಣ, ಎರಡು ತೆಳುವಾದ ಪದರ. ಒಂದು ದಪ್ಪ ಪದರ ಬೇಡ, ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ.

ಸಮವಸ್ತ್ರ ಖಾಕಿ. ಖಾಕಿ ಎಂಬ ಮಾತಿಗೆ ಧೂಳಿನ ಬಣ್ಣ ಎಂದೇ ಅರ್ಥ. ಹಳದಿ ಮಣ್ಣಿನ ಬಣ್ಣಕ್ಕೆ ಚೂರು ಕಂದು, ಚೂರು ಬಿಳಿ ಬೆರೆಸಿದರೆ ಸಿಗುತ್ತದೆ. ಪ್ರತಿಯೊಬ್ಬನಿಗೂ ಸ್ವಲ್ಪ ಬೇರೆ ಮಾಡಿ. ಒಗೆದು ಒಗೆದು ಒಬ್ಬನದು ಬಿಳಿಚಿರುತ್ತದೆ, ಇನ್ನೊಬ್ಬನದು ಹೊಸದಿರುತ್ತದೆ. ಒಣಗಿದ ಮೇಲೆ ಕಡುಕಂದು ಬಣ್ಣವನ್ನು ಚಹಾದ ನೀರಿನಷ್ಟು ತೆಳು ಮಾಡಿ ಮೇಲಿಂದ ಹರಿಸಿ. ಅದು ಬಟ್ಟೆಯ ಮಡಿಕೆಗಳಲ್ಲಿ ಇಳಿದು ನೆರಳಾಗುತ್ತದೆ. ಕೊನೆಗೆ ತಿಳಿಬಣ್ಣ ಅದ್ದಿದ ಕುಂಚವನ್ನು ಬಟ್ಟೆಗೆ ಒರೆಸಿ, ಬಹುಮಟ್ಟಿಗೆ ಒಣಗಿದ ಕುಂಚದಿಂದ ಉಬ್ಬಿದ ಕಡೆ ಮಾತ್ರ ಸವರಿದರೆ ಬೆಳಕು ಬಿದ್ದಂತೆ ಕಾಣುತ್ತದೆ. ಇವೆರಡು ಗೊತ್ತಿದ್ದರೆ ಚಿತ್ರಕಲೆ ಬಾರದವರೂ ಈ ಕೆಲಸ ಮಾಡಬಹುದು.

ಮುಖದ ಬಣ್ಣದ ಹೊತ್ತಿಗೆ ಒಂದು ಸಂಗತಿ ನಡೆಯಿತು. ಮಕ್ಕಳಲ್ಲಿ ಒಬ್ಬಳು ಬಣ್ಣದ ಪೆಟ್ಟಿಗೆಯಿಂದ "ಚರ್ಮದ ಬಣ್ಣ" ಎಂದು ಇಂಗ್ಲಿಷಿನಲ್ಲಿ ಬರೆದ ಬಾಟಲಿ ತೆಗೆದು ಮೂರು ಸವಾರರಿಗೆ ಬಳಿದಿದ್ದಳು. ಅದು ನಸುಗುಲಾಬಿ. ಪೇಟ, ಈಟಿ, ಕಾಲುಪಟ್ಟಿ ಎಲ್ಲಾ ಸರಿಯಾಗಿದ್ದೂ ಸವಾರರು ಮೈಸೂರಿನವರಂತೆ ಕಾಣಲಿಲ್ಲ. ಏನು ತಪ್ಪಾಗಿದೆ ಎಂದು ಅವಳೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಕೈಯನ್ನು ಸವಾರನ ಪಕ್ಕ ಇಟ್ಟು ನೋಡಿದಳು. ಬೇರೆ ತಟ್ಟೆ ತೆಗೆದು ಕಂದು, ಕೆಂಪು, ಹಳದಿ ಬೆರೆಸಲು ಶುರುಮಾಡಿದಳು. ನಾವು ಯಾರೂ ಏನೂ ಹೇಳಲಿಲ್ಲ. ಅವಳ ಕೈಯ ಬಣ್ಣ ಒಬ್ಬನಿಗೆ, ಅಮ್ಮನ ಬಣ್ಣ ಒಬ್ಬನಿಗೆ, ಗೋಡೆಯ ಫೋಟೊದಲ್ಲಿದ್ದ ಅಜ್ಜನ ಬಣ್ಣ ಇನ್ನೊಬ್ಬನಿಗೆ ಬಂತು.

ಮುಖ ಬರೆಯುವಾಗ ಕಣ್ಣುಗುಡ್ಡೆ ಬರೆಯಲು ಹೋಗಬೇಡಿ. ಅರ್ಧ ಸೆಂಟಿಮೀಟರ್ ಮುಖದಲ್ಲಿ ಬಿಳಿ ಚುಕ್ಕೆ ಇಟ್ಟರೆ ಸೈನಿಕ ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ಹುಬ್ಬಿನ ಕೆಳಗೆ ಕಡುಕಂದಿನ ಒಂದು ಗೆರೆ ಸಾಕು. ಮೀಸೆ ಮಾತ್ರ ಧಾರಾಳವಾಗಿ ಇರಲಿ.

ನೆಲ ಮತ್ತು ಸಾಲು

ಪಾದದಡಿಯ ಹಸಿರು ಹಲಗೆ ಆಟಿಕೆಯ ಗುರುತು. ಅದನ್ನು ಅಂಚಿನಲ್ಲಿ ತೆಳ್ಳಗೆ ಹೆರೆದು, ದಪ್ಪ ರಟ್ಟಿನ ಮೇಲೆ ಕೆಳಗಿಂದ ಗುಂಡುಸೂಜಿ ಚುಚ್ಚಿ ಕೂರಿಸಿ. ಸುತ್ತಲೂ ಫೆವಿಕಾಲ್ ಸವರಿ ಜರಡಿ ಹಿಡಿದ ಮರಳು ಉದುರಿಸಿ. ಕಾರ್ಮೆಲ್ ಬೆಟ್ಟಕ್ಕೆ ಸಣ್ಣ ಜಲ್ಲಿ, ಒಣಗಿದ ಚಹಾಪುಡಿ. ಮೆರವಣಿಗೆಯ ಬೀದಿಗೆ ಮರಳು ಮಾತ್ರ.

ಸಾಲು ನಿಲ್ಲಿಸುವಾಗ ಅಳತೆಪಟ್ಟಿ ಇಡಬೇಡಿ. ಒಂದು ಕುದುರೆ ಅರ್ಧ ಹೆಜ್ಜೆ ಮುಂದೆ, ಒಬ್ಬ ಸವಾರ ಪಕ್ಕಕ್ಕೆ ತಿರುಗಿರಲಿ. ಒಂದು ಈಟಿ ಚೂರು ಓರೆಯಾಗಿರಲಿ. ಇಷ್ಟೆಲ್ಲ ಕಷ್ಟಪಟ್ಟು ಅಚ್ಚಿನಿಂದ ಬಿಡಿಸಿದವರನ್ನು ಮತ್ತೆ ಅಚ್ಚಿಗೆ ಹಾಕುವುದು ಬೇಡ.

ಲ್ಯಾನ್ಸರ್ಸ್ ಒಂದು ಉದಾಹರಣೆ ಅಷ್ಟೆ. ಕಾಸರಗೋಡಿನ ಮಕ್ಕಳು ತಮ್ಮ ಬೇಕಲ ಕೋಟೆಯ ಮೇಲೆ ನಿಲ್ಲಿಸಲು ಕೆಳದಿ ನಾಯಕರ ಕಾಲದ ಕಾವಲುಗಾರರನ್ನು ಮಾಡಬಹುದು. ಹಸಿರು ಸೈನಿಕನ ಟೋಪಿ ತೆಗೆದು ರುಮಾಲು ಸುತ್ತಿ, ಪ್ಯಾಂಟಿನ ಮೇಲೆ ಟಿಶ್ಯೂ ಕಾಗದದ ಕಚ್ಚೆ ಉಡಿಸಿದರೆ ಅರ್ಧ ಕೆಲಸ ಮುಗಿಯಿತು. ರಾಯದುರ್ಗ, ಆದೋನಿ, ಸೊಲ್ಲಾಪುರದವರಿಗೆ ಕಣ್ಣೆದುರಿಗೇ ಕೋಟೆಗಳಿವೆ. ನೀಲಗಿರಿಯ ಸದಸ್ಯರಿಗೆ ವೆಲಿಂಗ್ಟನ್ನಿನಲ್ಲಿ ಮದ್ರಾಸ್ ರೆಜಿಮೆಂಟಿನ ಕೇಂದ್ರವೇ ಇದೆ. ಸೈನಿಕನೇ ಆಗಬೇಕೆಂದೂ ಇಲ್ಲ. ಬಂದೂಕು ಕತ್ತರಿಸಿ ಕೈಗೆ ಸನಿಕೆ ಕೊಟ್ಟರೆ ರೈತ, ತಲೆಯ ಮೇಲೆ ಬುಟ್ಟಿ ಇಟ್ಟರೆ ಸಂತೆಗೆ ಹೊರಟವನು. ನಮ್ಮ ಡಬ್ಬಿಯಲ್ಲಿ ಬಂದೂಕು ಹಿಡಿದು ಮೊಣಕಾಲೂರಿದ್ದ ಒಬ್ಬ ಈಗ ಮೆರವಣಿಗೆಯ ಬದಿಯಲ್ಲಿ ಕೂತು ಕಡಲೆಕಾಯಿ ಮಾರುತ್ತಿದ್ದಾನೆ. ಬಂದವರೆಲ್ಲ ಹೆಚ್ಚು ಹೊತ್ತು ನೋಡಿದ್ದು ಅವನನ್ನೇ.

ಮುಟ್ಟದೆ ಉಳಿದವನು

ಮೊದಲ ಗೊಂಬೆಯ ಕೊರಳಿಗೆ ಚಾಕು ಇಡುವಾಗ ಮನೆಯ ಮಗಳ ಮುಖ ಸಣ್ಣದಾಗಿತ್ತು. ಅವು ಅಪ್ಪ ಆಡಿದ ಗೊಂಬೆಗಳು. ಒಮ್ಮೆ ಕತ್ತರಿಸಿದ ಮೇಲೆ ಮೊದಲಿನಂತೆ ಆಗುವುದಿಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಆಗ ಎಲ್ಲರೂ ಕೂತು ತೀರ್ಮಾನಿಸಿದೆವು. ಒಂದೊಂದು ಭಂಗಿಯಲ್ಲೂ ಒಬ್ಬ ಸೈನಿಕ ಇದ್ದ ಹಾಗೇ ಉಳಿಯಲಿ, ತೊಳೆದು ಮಾತ್ರ ಇಡೋಣ. ಅಂಥವು ಏಳು ಉಳಿದವು. ಅವನ್ನು ಗೊಂಬೆ ಮೆಟ್ಟಿಲಿನ ಕೊನೆಯಲ್ಲಿ, ಹೊಸ ರೂಪದವರ ಎದುರಿಗೆ ಸಾಲಾಗಿ ನಿಲ್ಲಿಸಿದೆವು. ಒಂದು ಕಡೆ ಹಸಿರು ಬಣ್ಣದ ಒಂದೇ ಅಚ್ಚಿನವರು, ಇನ್ನೊಂದು ಕಡೆ ಅದೇ ಅಚ್ಚಿನಿಂದ ಬಂದು ಬೇರೆ ಬೇರೆಯಾದವರು. ಗೊಂಬೆ ನೋಡಲು ಬಂದವರಿಗೆ ಎರಡಕ್ಕೂ ಇರುವ ಸಂಬಂಧವನ್ನು ವಿವರಿಸುವ ಕೆಲಸವನ್ನು ಮೊಮ್ಮಕ್ಕಳೇ ವಹಿಸಿಕೊಂಡರು. "ಇವು ನಮ್ಮ ತಾತನವು, ಇವೂ ತಾತನವೇ, ಆದರೆ ನಾವು ಮಾಡಿದ್ದು" ಎಂದು ಒಂಬತ್ತು ದಿನ ಹೇಳಿದರು, ಅದೂ ಕನ್ನಡದಲ್ಲಿ.

ನೀವೂ ಅಟ್ಟದ ಡಬ್ಬಿ ತೆರೆಯಿರಿ. ಮೊದಲ ಸಲ ಮೂರೇ ಗೊಂಬೆ ಸಾಕು. ಒಬ್ಬನ ತಲೆ ತಿರುಗಿಸಿ, ಒಬ್ಬನ ತೋಳು ಬಾಗಿಸಿ, ಒಬ್ಬನಿಗೆ ಪೇಟ ಸುತ್ತಿ. ಒಬ್ಬನನ್ನು ಮುಟ್ಟದೆ ಉಳಿಸಿ. ಈ ನವರಾತ್ರಿಗೆ ನಿಮ್ಮ ಊರಿನ ಮೆಟ್ಟಿಲಿನ ಮೇಲೆ ಯಾರು ನಿಂತರೆಂದು ಸಂಘಕ್ಕೆ ತಿಳಿಸಿ, ಚಿತ್ರ ಇದ್ದರೆ ಕಳಿಸಿ. ತಲೆ ಉರುಳಿದ ಕಥೆಗಳಿದ್ದರೆ ಅವನ್ನೂ ಬರೆಯಿರಿ, ಎಲ್ಲರಿಗೂ ಉಪಯೋಗಕ್ಕೆ ಬರುತ್ತವೆ.